ಖಾಲಿ ಡಬ್ಬಿಗಳ ಔಷಧದಂಗಡಿ

ಉಬ್ಬಸದ ಕಷ್ಟ ಉಬ್ಬಸ ಇದ್ದವರಿಗೇ ಗೊತ್ತು. ಹೊಲಿಗೆ ದೊಡ್ಡಮ್ಮನಿಗೆ ಒಂದು ತೋಳು ಹೊಲಿಯುವಷ್ಟರಲ್ಲಿ ಏದುಸಿರು. ಡಾಕ್ಟರು ಮದ್ದು ಕೊಟ್ಟು ತಿಂಗಳುಗಳೇ ಕಳೆದರೂ ಒಂಚೂರೂ ಇಳಿದಿರಲಿಲ್ಲ. "ಮಿಷನ್ ಮಾರಿಬಿಡ್ತೀನಿ" ಎಂದು ಕೂತಿದ್ದಳು. ಹೊಲಿಗೆ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇಲ್ಲ.

ಅಂಥ ಹೊತ್ತಿನಲ್ಲಿ ಫಾರ್ಮಸಿ ಓದುವ ತಂಗಿಯ ಮಗಳು ಬಂದಳು. "ದೊಡ್ಡಮ್ಮ, ನಮ್ಮ ಕಾಲೇಜಲ್ಲಿ ರೋಗಿಯ ಪಾತ್ರ ಮಾಡ್ತೀಯಾ?"

"ನನಗೆ ಪಾತ್ರ ಬೇರೆ ಕೇಡು! ಓದೋದು ಬಿಟ್ಟು ಅಂಗಡಿ ಆಟ ಆಡ್ತೀರಾ?"

"ನಿಜವಾದ ರೋಗಿ ಹತ್ರ ತಪ್ಪು ಮಾಡೋ ಬದಲು, ಅಲ್ಲೇ ಮಾಡಿ ತಿದ್ಕೊಳ್ತೀವಿ."

ದೊಡ್ಡಮ್ಮ ಗೊಣಗುತ್ತಲೇ ಹೊರಟಳು. ಕುತೂಹಲ ಬಿಡಬೇಕಲ್ಲ!

ಕಾಲೇಜಿನ ಆ ಕೋಣೆ, ಅಬ್ಬಾ, ಥೇಟ್ ಔಷಧದಂಗಡಿ! ಒಂದು ಬದಿಗೆ ಗಾಜಿನ ಗೋಡೆ, ಅದರಾಚೆ ಒಬ್ಬ ಮೇಡಂ, ಜೊತೆಗೆ ಓದುವ ಮಕ್ಕಳು. ಒಂದು ಡಬ್ಬಿ ಅಲ್ಲಾಡಿಸಿದಳು, ಖಾಲಿ. ಇನ್ನೊಂದು, ಅದೂ ಖಾಲಿ. "ಗಾಜಿನಾಚೆ ಕೂತೋರು ಏನೇ ನೋಡ್ತಾರೆ?"

"ನಾನು ಏನು ಕೇಳೋಕೆ ಮರೆತೆ ಅಂತ. ಆಮೇಲೆ ಎಲ್ಲ ಕೂತು ಮಾತಾಡ್ತೀವಿ."

ಹುಡುಗಿ ಬಿಳಿ ಕೋಟು ತೊಟ್ಟು, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದಾಗ ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ಅಭ್ಯಾಸದ ಖಾಲಿ ಕ್ಯಾಪ್ಸೂಲನ್ನೂ ಇನ್ಹೇಲರನ್ನೂ ಮುಂದಿಟ್ಟಳು. "ಇದನ್ನ ಹೇಗೆ ತಗೋತೀರಿ? ಮಾಡಿ ತೋರಿಸಿ."

ದೊಡ್ಡಮ್ಮ ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು, "ನೀರು ಕೊಡೇ" ಎಂದಳು.

ಹುಡುಗಿಯ ಮುಖ ಬಿಳಿಚಿಕೊಂಡಿತು. "ದೊಡ್ಡಮ್ಮ, ಇದು ಪಾತ್ರಾನಾ, ನಿಜಾನಾ?"

"ನಿಜ ಕಣೇ. ಡಾಕ್ಟರು ಕೊಟ್ಟಿದ್ದನ್ನೂ ದಿನಾ ಹೀಗೇ ನುಂಗೋದು. ಜೊತೆಗೆ ಕೊಟ್ಟ ಆ ಪೀಪಿ ಊದಿದ್ರೆ ಏನೂ ಬರಲ್ಲ. ಕಪಾಟಲ್ಲಿ ಇಟ್ಟಿದೀನಿ."

ಪಾಪ, ಹುಡುಗಿಯ ಕಣ್ಣು ತುಂಬಿತು. "ಮದ್ದು ತಗೊಂಡ್ಯಾ ಅಂತ ದಿನಾ ಕೇಳ್ತಿದ್ದೆ. ಹೇಗೆ ಅಂತ ಕೇಳಲೇ ಇಲ್ವಲ್ಲ!"

ಗಾಜಿನಾಚೆಯಿಂದ ಪಾಠ ಹೇಳುವ ಮೇಡಂ ಒಳಗೆ ಬಂದರು, ಬೈಯಲಿಲ್ಲ. "ಈಗ ಗೊತ್ತಾಯ್ತಲ್ಲ. ಬಾಯಲ್ಲಿ ಹೇಳು, ಮಾಡಿ ತೋರಿಸು, ಅವರ ಕೈಲೂ ಮಾಡಿಸು" ಎಂದರು.

ಅದು ನುಂಗುವ ಕ್ಯಾಪ್ಸೂಲಲ್ಲ. ಇನ್ಹೇಲರಿನೊಳಗಿಟ್ಟು, ಒತ್ತಿ ತೂತು ಮಾಡಿ, ಪುಡಿಯನ್ನು ಉಸಿರಿನ ಜೊತೆ ಜೋರಾಗಿ ಎಳೆದುಕೊಳ್ಳಬೇಕು. ಹೊಟ್ಟೆಗೆ ಹೋದ ಪುಡಿ ಎದೆಗೆಲ್ಲಿಂದ ಬರಬೇಕು! ದೊಡ್ಡಮ್ಮ ಮೊದಲು ಊದಿಬಿಟ್ಟಳು, ಎಲ್ಲರೂ ನಕ್ಕರು. ಮತ್ತೆ ಮಾಡಿಸಿದಾಗ ಸರಿಯಾಗಿ ಎಳೆದಳು.

ದಿನ ಕಳೆದಂತೆ ಏದುಸಿರು ಇಳಿಯಿತು, ಮಿಷನ್ ಮಾರುವ ಮಾತು ನಿಂತಿತು. ಈಗ ಅವಳೇ ಕೇಳುತ್ತಾಳೆ: "ಮತ್ತೆ ಯಾವಾಗ ಕರೀತೀರಿ? ಈ ಸಲ ಜಗಳಗಂಟಿ ರೋಗಿ ಆಗ್ತೀನಿ!"

ಓದಿದಿರಲ್ಲ, ಇನ್ನು ನಿಮ್ಮ ಸರದಿ. ಮದ್ದು ಕೈಗೆ ಬಂದಾಗ "ಗೊತ್ತು ಬಿಡಿ" ಎಂದು ಹೊರಡಬೇಡಿ. ಹೇಗೆ ತೆಗೆದುಕೊಳ್ಳುತ್ತೀರೆಂದು ಅಲ್ಲೇ ಮಾಡಿ ತೋರಿಸಿ. ಫಾರ್ಮಸಿ ಕಲಿಯುವ ಮಕ್ಕಳು ರೋಗಿಯ ಪಾತ್ರಕ್ಕೆ ಕರೆದರೆ, ನಾಚಿಕೆ ಬಿಟ್ಟು ಹೋಗಿ ಕೂತುಬನ್ನಿ. ಅವರು ಅಲ್ಲಿ ಕೇಳಲು ಕಲಿತ ಒಂದು ಪ್ರಶ್ನೆ ನಾಳೆ ನಿಮ್ಮ ಮನೆಯವರ ಉಸಿರು ಉಳಿಸೀತು.