ದಶರಥನಿಗೆ ಒನ್ಸ್ ಮೋರ್

ಐವತ್ತೆಂಟನೇ ಇಸವಿಯಲ್ಲಿ ಮತ್ತಿಕೆರೆಯವರು ರಾಮಾಯಣದ ನಾಟಕ ಆಡುವುದೆಂದು ತೀರ್ಮಾನಿಸಿದಾಗ, ಮಂಥರೆಯ ಪಾತ್ರಕ್ಕೆ ಯಾರೂ ಹುಡುಕಾಡಲಿಲ್ಲ. ಶಾಲೆಯ ಜಗಲಿಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಚಿಕ್ಕಮಾರಯ್ಯನ ಬೆನ್ನು ನೋಡಿದರು.

ಚಿಕ್ಕಮಾರಯ್ಯನಿಗೆ ಹುಟ್ಟಿನಿಂದ ಗೂನು. ಯಶವಂತಪುರದ ಸ್ಟೇಷನ್ ಎದುರು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ. ಊರಿನ ನಾಟಕಗಳಲ್ಲಿ ಅವನದು ಪರದೆ ಎಳೆಯುವ ಕೆಲಸ.

"ನಿಂಗೆ ವೇಷದ ಖರ್ಚೇ ಇಲ್ಲ ಕಣ್ಲಾ, ದೇವ್ರೇ ಕಟ್ಟಿ ಕಳ್ಸವ್ನೆ" ಎಂದ ಯಜಮಾನ ದೊಡ್ಡಮುನಿಯಪ್ಪ.

ಇಂಥ ಮಾತಿಗೆ ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಡುವುದು ಚಿಕ್ಕಮಾರಯ್ಯನ ರೂಢಿ. ಬೇಗ ಮುಗಿಯುತ್ತದಲ್ಲ ಎಂದು. ಆ ದಿನ ನಗು ಬರಲಿಲ್ಲ.

"ನಾನು ದಶರಥ ಮಾಡ್ತೀನಿ" ಎಂದ.

"ಗೂನು ಬೆನ್ನಿನ ರಾಜ ಎಲ್ಲಾದ್ರೂ ಇರ್ತಾನೇನ್ಲಾ?"

"ಮೀಸೆ ಇರೋ ಕೈಕೇಯಿ ಇರ್ತಾಳಾ, ಯಜಮಾನ್ರೇ?"

ಕೈಕೇಯಿಯ ಪಾತ್ರ ಒಪ್ಪಿಕೊಂಡಿದ್ದ ಚಿಕ್ಕಬೈರಪ್ಪ ತನಗೇ ತಿಳಿಯದಂತೆ ಮೀಸೆಗೆ ಕೈ ಅಡ್ಡ ಹಿಡಿದ.

"ಬೈರಣ್ಣ ಮೀಸೆ ಬೋಳ್ಸಿ ಸೀರೆ ಉಟ್ರೆ ಕೈಕೇಯಿ ಅಂತ ಒಪ್ತೀರ. ನಾನು ಕಿರೀಟ ಇಟ್ಕೊಂಡ್ರೆ ರಾಜ ಅಂತ ಒಪ್ಪಾಕೇನು ಕಷ್ಟ? ಮಂಥರೆಗೆ ಗೂನು ಬೇಕಾದ್ರೆ ಹುಲ್ಲು ಕಟ್ಕೊಳ್ಳಿ."

ಯಜಮಾನನ ಮುಖ ಕೆಂಪಾಯಿತು. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸಲು ಯಲಹಂಕದಿಂದ ಬರುತ್ತಿದ್ದ ಖಾದರ್ ಬಾಷಾ ಮೇಷ್ಟ್ರು ಮೆಲ್ಲಗೆ ಕೆಮ್ಮಿದರು. ರಂಗದ ಮೇಲೆ ಸಾಯುವ ಪಾತ್ರವನ್ನು ಊರಿನ ಯಾವ ಮನೆಯವರೂ ಮಗನಿಗೆ ಸುಲಭಕ್ಕೆ ಕೊಡಿಸುತ್ತಿರಲಿಲ್ಲ, ಕೆಟ್ಟದ್ದೆಂಬ ಭಯ. ದಶರಥನಿಗೆ ಜನವೇ ಸಿಕ್ಕಿರಲಿಲ್ಲ. ಯಜಮಾನ ಎದ್ದು ಪಂಚೆ ಕೊಡವಿಕೊಂಡು, "ಮಾಡ್ಕೊಂಡ್ ಸಾಯಿ" ಎಂದು ಹೊರಟ.

ಮನೆಯಲ್ಲಿ ತಾಯಿ ಮಾರಮ್ಮ ಗೋಳಾಡಿದಳು. "ಬದುಕಿದ್ದಂಗೇ ಸಾಯ್ತೀಯೇನೋ, ನನ್ನಪ್ಪ?"

"ಬದುಕಿರಾದನ್ನ ಯಾರೂ ನೋಡ್ಲಿಲ್ಲ ಕಣವ್ವ. ಸಾಯಾದನ್ನಾದ್ರೂ ನೋಡ್ಲಿ."

ಹಾಗೆಂದನೇ ಹೊರತು ಒಳಗೆ ಪುಕುಪುಕು. ಟ್ಯೂಬಿಗೆ ತೇಪೆ ಹಚ್ಚುವಾಗಲೂ ಮಾತುಗಳನ್ನು ಗೊಣಗುತ್ತಿದ್ದ. ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದರು: ಪರದೆ ಏಳುವ ಮೊದಲೇ ಸಿಂಹಾಸನದ ಮೇಲೆ ಕೂತಿರಬೇಕು, ಹೆಗಲಿಗೆ ದಪ್ಪ ಶಾಲು, ಏಳಕೂಡದು, ತಿರುಗಕೂಡದು. "ಯಾರಿಗೂ ಗೊತ್ತೇ ಆಗಲ್ಲ ಮಾರಣ್ಣ." ಅವನು ತಲೆಯಾಡಿಸಿದ.

ನಾಟಕದ ದಿನ ಹೊತ್ತು ಮುಳುಗುತ್ತಲೇ ಪೆಟ್ರೋಮ್ಯಾಕ್ಸ್ ಹೊತ್ತಿಸಿದರು. ಪರದೆ ಎದ್ದಿತು. ಚಾಪೆಯ ಮೇಲೆ ಊರೆಲ್ಲ ಇತ್ತು, ಮುಂದಿನ ಕುರ್ಚಿಯಲ್ಲಿ ದೊಡ್ಡಮುನಿಯಪ್ಪ. ಸಿಂಹಾಸನದ ಮೇಲಿದ್ದ ಚಿಕ್ಕಮಾರಯ್ಯನಿಗೆ ಶಾಲಿನೊಳಗೆ ಬೆವರು ಹರಿಯಿತು. ಮೊದಲ ಮಾತು ಬಾಯಿಗೆ ಬಂದಿತ್ತು. ಆದರೆ ಹೀಗೆ ಬೆನ್ನು ಬಚ್ಚಿಟ್ಟುಕೊಂಡು ಆಳುವುದಾದರೆ, ಇಷ್ಟು ದಿನ ಪರದೆಯ ಹಿಂದೆ ಇದ್ದುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎದ್ದ. ಶಾಲು ತೆಗೆದು ಸಿಂಹಾಸನದ ಮೇಲೆ ಹಾಕಿದ. ಸಭೆಗೆ ಬೆನ್ನು ಕಾಣುವಂತೆ ಪಕ್ಕಕ್ಕೆ ತಿರುಗಿ, ರಂಗದ ಈ ತುದಿಯಿಂದ ಆ ತುದಿಗೆ ನಡೆದ.

ನಗು ಸಿಡಿಯಿತು. ದೊಡ್ಡಮುನಿಯಪ್ಪ ಕೈಯೆತ್ತಿ ಕೂಗಿದ: "ಒನ್ಸ್ ಮೋರ್!"

ಒನ್ಸ್ ಮೋರ್ ಬಿದ್ದರೆ ನಟ ಮತ್ತೆ ಆಡಲೇಬೇಕು. ಅದು ಊರಿನ ಕಟ್ಟಳೆ. ಸತ್ತ ವೇಷದವರೂ ಎದ್ದು ಮತ್ತೆ ಸತ್ತದ್ದುಂಟು. ಚಿಕ್ಕಮಾರಯ್ಯ ನಿಂತ. ಯಜಮಾನನಿಗೆ ತಲೆಬಾಗಿದ. ಆಮೇಲೆ ಆ ತುದಿಯಿಂದ ಈ ತುದಿಗೆ, ಮೊದಲಿಗಿಂತ ನಿಧಾನವಾಗಿ, ಒಂದೊಂದೇ ಹೆಜ್ಜೆ ಊರಿ ನಡೆದ. ನಗು ತೆಳುವಾಯಿತು. ಯಾರೂ ಕೇಳದೆಯೇ ಇನ್ನೊಮ್ಮೆ ನಡೆದ. ಈ ಸಲ ಕೇಳಿಸಿದ್ದು ಪೆಟ್ರೋಮ್ಯಾಕ್ಸಿನ ಸುಯ್‌ಗುಟ್ಟುವಿಕೆ ಮಾತ್ರ.

"ನೋಡಿದ್ದಾಯಿತೆ, ಪ್ರಜೆಗಳೇ?" ಎಂದ. ಪಾಠದಲ್ಲಿ ಇಲ್ಲದ ಮಾತು. "ಹಾಗಾದರೆ ಅಯೋಧ್ಯೆಯ ಅರಸನ ಮಾತು ಕೇಳಿ."

ಮೇಷ್ಟ್ರು ಶ್ರುತಿ ಕೊಟ್ಟರು.

ಕೈಕೇಯಿ ವರ ಕೇಳಿದಳು. ಹುಲ್ಲಿನ ಗೂನು ಕಟ್ಟಿಕೊಂಡ ಮಂಥರೆ ಅತ್ತಿತ್ತ ಸುಳಿದರೂ ಜನ ನಗುವುದನ್ನು ಮರೆತರು. ಮಗನನ್ನು ಕಾಡಿಗೆ ಕಳಿಸಿದ ದಶರಥ, ರಾಮಾ ಎಂದು ಕರೆಯುತ್ತ ಕರೆಯುತ್ತ ನೆಲಕ್ಕೆ ಕುಸಿದು ಪ್ರಾಣ ಬಿಟ್ಟ. ಹೆಂಗಸರ ಕಡೆಯಿಂದ ಮಾರಮ್ಮನ ಬಿಕ್ಕು ಕೇಳಿಸಿತು, ಅದರ ಹಿಂದೆಯೇ ಹಲವರದು.

ಆಮೇಲೆ ಒಂದು ದನಿ: "ಒನ್ಸ್ ಮೋರ್!" ದೊಡ್ಡಮುನಿಯಪ್ಪನದೇ, ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಈ ಸಲ ಊರೆಲ್ಲ ದನಿಗೂಡಿಸಿತು.

ರಾಜ ಅಲುಗಲಿಲ್ಲ.

"ಏಳೋ ಮಾರಣ್ಣ!" ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಬಾಗಿ ಪಿಸುಗುಟ್ಟಿದರು. "ಯಜಮಾನ್ರೇ ಕೇಳ್ತಾವ್ರೆ!"

ಚಿಕ್ಕಮಾರಯ್ಯ ಕಣ್ಣು ತೆರೆಯಲಿಲ್ಲ. ತುಟಿಯಷ್ಟೇ ಆಡಿತು.

"ಕೇಳ್ಲಿ ಬಿಡಿ ಮೇಷ್ಟ್ರೇ. ರಾಜ ಕಣ್ರೀ ನಾನು. ಅವರು ಕೂಗ್ದಾಗೆಲ್ಲಾ ಏಳಾಕಿಲ್ಲ."