ಐಡೆಲ್ಲಾಳ ಕೈಗುಣ

ಐಡೆಲ್ಲಾಳನ್ನು ಮೇಜಿನ ಹತ್ತಿರ ಸೇರಿಸಬಾರದೆಂದು ಅವಳ ಗಂಡನೇ ನಮಗೆಲ್ಲ ತಾಕೀತು ಮಾಡಿದ್ದ. ನಾವೂ ಹಾಗೇ ನಡೆದುಕೊಂಡೆವು, ಹನ್ನೊಂದು ವರ್ಷ.

ನಾನಾಗ ಲಾಸ್ ವೇಗಸ್ಸಿನ ಫ್ರೀಮಾಂಟ್ ಬೀದಿಯ ಒಂದು ಸಣ್ಣ ಕ್ಯಾಸಿನೊದಲ್ಲಿ ಕ್ರ್ಯಾಪ್ಸ್ ಎಂಬ ದಾಳದ ಜೂಜಿನಲ್ಲಿ ಮೇಜಿನ ಕೋಲು ಹಿಡಿಯುತ್ತಿದ್ದೆ. ತುದಿ ಬಾಗಿದ ಕೋಲಿನಿಂದ ದಾಳಗಳನ್ನು ಎಳೆದು ಎಸೆಯುವವನ ಮುಂದೆ ತಳ್ಳಬೇಕು, ಬಿದ್ದ ಅಂಕಿಯನ್ನು ಕೂಗಬೇಕು, ಜನ ಸಪ್ಪಗಾಗದಂತೆ ಬಾಯಿ ಆಡಿಸುತ್ತಲೇ ಇರಬೇಕು. ಒಂದು ಗಂಟೆ ಕೆಲಸ, ಇಪ್ಪತ್ತು ನಿಮಿಷ ಬಿಡುವು. ಸಂಬಳ ಹೆಸರಿಗಷ್ಟೇ, ಆಡುವವರು ಖುಷಿಯಿಂದ ಕೊಡುವ ಇನಾಮಿನಿಂದಲೇ ನಮ್ಮ ಒಲೆ ಉರಿಯಬೇಕು.

ಆ ಇನಾಮನ್ನು ಧಾರಾಳವಾಗಿ ಕೊಡುತ್ತಿದ್ದವನು ರಾಯ್ಸ್ ಟ್ಯಾಡ್ಲಾಕ್. ಬೇಕರ್ಸ್‌ಫೀಲ್ಡಿನಲ್ಲಿ ಟಾರು ರಸ್ತೆ ಹಾಕಿಸುವ ಕಂಟ್ರಾಕ್ಟರ್. ತಿಂಗಳಿಗೆ ಎರಡು ಸಲ ಬುಧವಾರ ಬಂದು ಶುಕ್ರವಾರ ಹೋಗುತ್ತಿದ್ದ. ಎಮ್ಮೆಯಂಥ ಕತ್ತು, ಓಣಿಗೆಲ್ಲ ಕೇಳುವ ದನಿ. ಹಿಂದೆ ಹೆಂಡತಿ. ಒಮ್ಮೆ ಅವನು ಒಳ್ಳೆಯ ಆಟದಲ್ಲಿದ್ದಾಗ ಐಡೆಲ್ಲಾ ಯಾಕೋ ಅಂಚಿನ ಮೇಲಿಂದ ಕೈ ಚಾಚಿದಳು. ದಾಳ ಅವಳ ಮಣಿಕಟ್ಟಿಗೆ ಬಡಿದು ಮಗುಚಿತು. ಏಳು. ಆಟದ ನಡುವೆ ಏಳು ಬಿದ್ದರೆ ಇಟ್ಟದ್ದೆಲ್ಲ ಹೋದಂತೆ. ಅಂದಿನಿಂದ ಅವಳು ಆರು ಹೆಜ್ಜೆ ದೂರದ ಸ್ಟೂಲಿನ ಮೇಲೆ, ತೊಡೆಯ ಮೇಲೆ ಅವನ ಕೋಟು ಇಟ್ಟುಕೊಂಡು ಕೂರಬೇಕು.

ಹೊಸಬರು ಯಾರಾದರೂ ಮೇಜಿಗೆ ಬಂದರೆ ರಾಯ್ಸ್ ಬೆರಳು ಮಾಡಿ ತೋರಿಸುತ್ತಿದ್ದ. "ಅಲ್ಲಿ ಕೂತಿದ್ದಾಳಲ್ಲ, ನಮ್ಮ ಮಾರಿ. ಅವಳ ಕೈಗುಣ ಹೇಗೆ ಗೊತ್ತಾ? ಮುಟ್ಟಿದರೆ ಹಾಲು ಒಡೆಯುತ್ತೆ. ಹೊಟ್ಟೆಯೂ ಹಾಗೇ, ಕೈಯೂ ಹಾಗೇ. ಒಂದೂ ನಿಲ್ಲಲ್ಲ!"

ಅವರಿಗೆ ಮಕ್ಕಳಿರಲಿಲ್ಲ. ಎರಡು ಹುಟ್ಟುವ ಮೊದಲೇ ಹೋಗಿದ್ದವು ಅಂತ ಆಮೇಲೆ ತಿಳಿಯಿತು. ನಾವು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಾನು, ಯಾಕೆಂದರೆ ನಗು ಬಿದ್ದಾಗಲೇ ರಾಯ್ಸ್‌ನ ಕೈ ಇನಾಮಿಗೆ ಹೋಗುತ್ತಿತ್ತು.

ಎಂಬತ್ಮೂರರ ವಸಂತದಲ್ಲಿ ನಮ್ಮ ಮೇಲ್ವಿಚಾರಕ ಪೆಟ್ರಾಕಿಸ್ ಬೆಳಿಗ್ಗೆ ಹನ್ನೊಂದಕ್ಕೆ ಪುಕ್ಕಟೆ ಪಾಠ ಶುರುಮಾಡಿಸಿದ. ಕ್ರ್ಯಾಪ್ಸ್ ಕಂಡರೆ ಜನ ಹೆದರುತ್ತಾರೆ, ಹೆದರಿಕೆ ಬಿಡಿಸಿದರೆ ಜೇಬು ಬಿಚ್ಚುತ್ತಾರೆ ಎಂಬ ಲೆಕ್ಕ. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

"ಮೇಜಿನ ಬಟ್ಟೆ ಮೇಲೆ ಏನು ಬರೆದಿದೆಯೋ ಅಷ್ಟು ಹೇಳು. ನಡುವಿನ ಚೌಕಗಳನ್ನ ಚೆನ್ನಾಗಿ ಹೇಳು," ಎಂದ ಪೆಟ್ರಾಕಿಸ್. "ಬರೆಯದೆ ಇರೋದು ನಿನ್ನ ಬಾಯಿಂದ ಬರಬಾರದು."

ಮೂರನೇ ವಾರ ಐಡೆಲ್ಲಾ ಬಂದಳು. ರಾಯ್ಸ್ ಕ್ಷೌರದಂಗಡಿಯಲ್ಲಿ ಮುಖಕ್ಕೆ ಬಿಸಿ ಬಟ್ಟೆ ಹಾಕಿಸಿಕೊಂಡು ಮಲಗುವ ಹೊತ್ತು ಅದು. ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಪ್ರವಾಸಿಗಳ ಹಿಂದೆ ನಿಂತಿದ್ದಳು.

"ಕಲಿಯೋಕೆ ದುಡ್ಡು ಕೊಡಬೇಕಾ?"

"ಬೇಡಮ್ಮಾ, ಕಲಿತ ಮೇಲೆ ಕೊಟ್ಟರಾಯ್ತು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಪಾಠ ಮುಗಿದು ಪ್ರವಾಸಿಗಳು ಚದುರಿದ ಮೇಲೂ ಅವಳು ಹೋಗಲಿಲ್ಲ. ಮದುವೆಗೆ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳಂತೆ. ಊರಿನ ಇನ್ನೂರು ನಂಬರು ಈಗಲೂ ಬಾಯಲ್ಲಿದ್ದವು. ದಾಳಗಳನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಎರಡು ದಾಳ ಒಟ್ಟು ಮೂವತ್ತಾರು ಥರ ಬೀಳುತ್ತೆ, ಅಲ್ವಾ? ಅದರಲ್ಲಿ ಏಳು ಎಷ್ಟು ಥರ?"

"ಆರು."

"ಬೇರೆ ಯಾವ ಅಂಕಿಯೂ ಅಷ್ಟು ಸಲ ಬರಲ್ಲ."

"ಇಲ್ಲ."

"ಹಾಗಾದರೆ ಅವತ್ತು ನನ್ನ ಕೈಗೆ ಬಡಿದು..."

"ಕೈ ಇದ್ದರೂ ಬೀಳುತ್ತೆ, ಇಲ್ಲದಿದ್ದರೂ ಬೀಳುತ್ತೆ ಅಮ್ಮಾ."

ದಾಳಗಳನ್ನು ಕೆಳಗಿಟ್ಟು ಕೇಳಿದಳು: "ಇದು ನಿನಗೆ ಮೊದಲಿಂದಲೂ ಗೊತ್ತಿತ್ತಾ, ಆರ್ವೆಲ್?"

ಅವಳಿಗೆ ನನ್ನ ಹೆಸರು ಗೊತ್ತಿದೆ ಎಂದು ನನಗೆ ತಿಳಿದಿರಲಿಲ್ಲ. "ಗೊತ್ತಿತ್ತು," ಎಂದೆ. ಅವಳು ಬಯ್ದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಬಯ್ಯಲಿಲ್ಲ. ನಾಚಿಕೆಗೋ ಏನೋ, ಪೆಟ್ರಾಕಿಸ್ ಬೇಡವೆಂದದ್ದನ್ನೆಲ್ಲ ಹೇಳಿಬಿಟ್ಟೆ.

ರಾಯ್ಸ್ ಕೂಗಿ ಕೂಗಿ ದುಡ್ಡು ಇಡುವ ನಡುವಿನ ಚೌಕಗಳಲ್ಲಿ ನೂರಕ್ಕೆ ಒಂಬತ್ತರಿಂದ ಹದಿನಾರರವರೆಗೂ ಕ್ಯಾಸಿನೊದ ಪಾಲು. ಅಂಚಿನುದ್ದಕ್ಕೂ ಇರುವ ಪಾಸ್ ಗೆರೆಯಲ್ಲಿ ನೂರಕ್ಕೆ ಒಂದೂವರೆಗೂ ಕಮ್ಮಿ. ಮೊದಲ ಎಸೆತದಲ್ಲಿ ಏಳೋ ಹನ್ನೊಂದೋ ಬಿದ್ದರೆ ಗೆಲುವು. ಎರಡು, ಮೂರು, ಹನ್ನೆರಡಕ್ಕೆ ಸೋಲು. ಬೇರೆ ಅಂಕಿ ಬಿದ್ದರೆ ಏಳಿಗಿಂತ ಮುಂಚೆ ಅದೇ ಅಂಕಿ ಮತ್ತೆ ಬೀಳಬೇಕು. ಆ ಅಂಕಿ ಗೊತ್ತಾದ ಕೂಡಲೇ ಗೆರೆಯ ಹಿಂದೆ ದುಡ್ಡಿನ ಬದಲಿನ ಬಿಲ್ಲೆಗಳನ್ನು ಇನ್ನಷ್ಟು ಇಡಬಹುದು. ಆ ಪಣದಲ್ಲಿ ಕ್ಯಾಸಿನೊಗೆ ಬಿಡಿಗಾಸೂ ಇಲ್ಲ. ದಾಳ ಹೇಳಿದಷ್ಟು ಕೊಡಲೇಬೇಕು.

"ಎಲ್ಲೂ ಬರೆದಿಲ್ಲವಲ್ಲ?" ಬಟ್ಟೆಯ ಮೇಲೆ ಹುಡುಕಿದಳು.

"ಲಾಭವಿಲ್ಲದ ಅಂಗಡಿಗೆ ಬೋರ್ಡು ಯಾರು ಹಾಕ್ತಾರೆ?"

"ಹಾಗೆ ಆಡಿದರೆ ಗೆಲ್ತೀನಾ?"

"ಇಲ್ಲ. ನಿಧಾನವಾಗಿ ಸೋಲ್ತೀರಿ."

"ಅಷ್ಟಾದರೂ ಸಾಕಪ್ಪ. ಇಲ್ಲಿವರೆಗೂ ಓಡೋಡಿ ಸೋತಿದ್ದೀನಿ."

ಕೊನೆಗೆ ಎದುರು ಗೆರೆಯನ್ನೂ ತೋರಿಸಿದೆ. ಎಸೆಯುವವನು ಸೋಲಲಿ ಎಂದು ಪಣ ಕಟ್ಟುವ ಜಾಗ. ಪಾಸ್ ಗೆರೆಗಿಂತ ಕೂದಲೆಳೆಯಷ್ಟು ವಾಸಿ, ಆದರೆ ಅಲ್ಲಿ ದುಡ್ಡಿಡುವವರನ್ನು ಮೇಜಿನ ಜನ ಕಂಡರಾಗದವರ ಹಾಗೆ ನೋಡುತ್ತಾರೆ ಎಂದೆ. "ಅದೇನೂ ಹೊಸದಲ್ಲ," ಎಂದಳು.

ಅವಳು ಮಾಡಿದ ತಪ್ಪೆಂದರೆ ಕಲಿತದ್ದನ್ನು ಮೊದಲು ಗಂಡನಿಗೆ ಹೇಳಿದ್ದು. ಇಷ್ಟು ಹೇಳಿದರೆ ಪಕ್ಕದಲ್ಲಿ ನಿಲ್ಲಲು ಬಿಡುತ್ತಾನೆ ಎಂಬ ಆಸೆ ಇದ್ದಿರಬೇಕು. ಮರುದಿನ ಮಧ್ಯಾಹ್ನ ರಾಯ್ಸ್ ತುಂಬಿದ ಮೇಜಿನ ಮುಂದೆ ಅವಳನ್ನು ಕರೆದ.

"ಕೇಳ್ರಪ್ಪಾ, ನಮ್ಮನೆ ಪಂಡಿತೆ ಪಾಠ ಒಪ್ಪಿಸ್ತಾಳೆ. ಹೇಳೇ, ಆರು ಎಷ್ಟು ಥರ ಬೀಳುತ್ತೆ?"

"ಐದು," ಎಂದಳು ಮೆಲ್ಲಗೆ.

"ಕೇಳಿಸಲ್ಲ!"

"ಐದು."

"ನಾಲ್ಕು?"

"ಮೂರು ಥರ."

ಪ್ರತಿ ಉತ್ತರಕ್ಕೂ ಅವನು ಚಪ್ಪಾಳೆ ತಟ್ಟಿದ, ಜನರೂ ತಟ್ಟಿದರು. ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ನಿಲ್ಲಿಸಿ ಎಲ್ಲ ಅಂಕಿಗಳನ್ನೂ ಹೇಳಿಸಿದ. ಆಮೇಲೆ, "ಅರವತ್ತಕ್ಕೆ ಅರಳು ಮರಳು. ಹೋಗು, ಕೋಟು ಹಿಡ್ಕೊಂಡು ಕೂತ್ಕೋ," ಎಂದ. ಅವಳು ನನ್ನ ಕಡೆ ಒಂದು ಸಲ ನೋಡಿದಳು. ನಾನು ಕೋಲಿನಿಂದ ದಾಳ ಜೋಡಿಸುತ್ತಿದ್ದೆ.

ಆರು ವಾರ ಅವಳು ಪಾಠಕ್ಕೆ ಬರಲಿಲ್ಲ. ಏಳನೇ ವಾರ ಒಂದು ಗುರುವಾರ, ರಾಯ್ಸ್ ಊಟ ಮುಗಿಸಿ ಹಲ್ಲು ಕೆದಕುತ್ತ ಬರುವಾಗ, ಐಡೆಲ್ಲಾ ಇಬ್ಬರು ಲಾರಿ ಡ್ರೈವರುಗಳ ನಡುವೆ ಮೇಜಿಗೆ ಒರಗಿ ನಿಂತಿದ್ದಳು. ಕೋಟು ಖಾಲಿ ಸ್ಟೂಲಿನ ಮೇಲಿತ್ತು.

ರಾಯ್ಸ್ ಅವಳನ್ನು ನೋಡಿದ. ಜನರೆದುರು ಏನೂ ಆಗದವನಂತೆ ನಕ್ಕು, ಆಚೆ ತುದಿಯಲ್ಲಿ ನಿಂತು ಬಿಲ್ಲೆ ಇಟ್ಟ. ಎಸೆಯುವ ಸರದಿ ಅವನಿಗೆ ಬಂತು. ಆಗ ಐಡೆಲ್ಲಾ ಐದು ಡಾಲರಿನ ಒಂದು ಬಿಲ್ಲೆಯನ್ನು ಎದುರು ಗೆರೆಯಲ್ಲಿ ಇಟ್ಟಳು.

ಡ್ರೈವರೊಬ್ಬ, "ಅಮ್ಮಾ, ಗಂಡನ ಮೇಲೇನಾ?" ಎಂದ.

ಮೊದಲ ಎಸೆತ ನಾಲ್ಕು. ಅದು ಮತ್ತೆ ಬೀಳಲು ಮೂರೇ ದಾರಿ, ಏಳಕ್ಕೆ ಆರು. ಐಡೆಲ್ಲಾ ಇನ್ನೆರಡು ಬಿಲ್ಲೆ ಹಿಂದೆ ಸೇರಿಸಿದಳು, ನಾನು ಹೇಳಿಕೊಟ್ಟ ಹಾಗೇ.

"ತೆಗಿ ಅದನ್ನ," ಎಂದ ರಾಯ್ಸ್.

ಅವಳು ತೆಗೆಯಲಿಲ್ಲ.

"ಆರ್ವೆಲ್, ಅವಳಿಗೆ ತೆಗಿ ಅಂತ ಹೇಳೋ!"

"ಅವರಿಗೆ ಬೇಕಿದ್ದರೆ ತೆಗೀಬಹುದು ಸಾಹೇಬ್ರೇ. ನಾವು ಹೇಳೋ ಹಾಗಿಲ್ಲ," ಎಂದೆ. ಹನ್ನೊಂದು ವರ್ಷದಲ್ಲಿ ಅವಳ ಪರವಾಗಿ ನನ್ನ ಬಾಯಿಂದ ಬಂದ ಮಾತು ಅದೊಂದೇ, ಅದೂ ನಿಯಮದ ಮಾತು.

ರಾಯ್ಸ್ ಎಸೆದ. ಒಂಬತ್ತು. ಎಸೆದ. ಐದು. ಆಟ ನಡೆಯುವಾಗ ಮೇಜಿನಲ್ಲಿ ಯಾರೂ ಬಾಯಿಬಿಟ್ಟು 'ಏಳು' ಎನ್ನುವುದಿಲ್ಲ. ಅದು ಹೆಣದ ಮುಂದೆ ನಕ್ಕ ಹಾಗೆ. ಮೂರನೇ ಸಲ ಅವನು ಕೈ ಎತ್ತಿದಾಗ ಐಡೆಲ್ಲಾ ಸಾವಕಾಶವಾಗಿ, ಎಕ್ಸ್‌ಚೇಂಜಿನಲ್ಲಿ ನಂಬರು ಹೇಳುವ ಹಾಗೆ, "ಏಳು," ಎಂದಳು.

ನಾಲ್ಕು ಮತ್ತು ಮೂರು ಬಿತ್ತು.

ಅವಳ ಮುಂದೆ ಗೆದ್ದ ಬಿಲ್ಲೆಗಳನ್ನು ತಂದಿಟ್ಟರು. ರಾಯ್ಸ್ ಪೆಟ್ರಾಕಿಸ್‌ನ ಕಡೆ ತಿರುಗಿ ಹೇಳಿದ: "ಇವಳಿರಬೇಕು, ಇಲ್ಲಾ ನಾನಿರಬೇಕು. ನೋಡ್ಕೋ."

ಪೆಟ್ರಾಕಿಸ್ ರೆಪ್ಪೆ ಬಡಿಯುವಷ್ಟೂ ಯೋಚಿಸಲಿಲ್ಲ. ಕಾವಲಿನವನನ್ನು ಕರೆದು, "ಮೇಡಂ, ನಿಮ್ಮ ಆಟ ಸಾಕು. ಇನ್ನು ಈ ಮೆಟ್ಟಿಲು ಹತ್ತಬೇಡಿ," ಎಂದ. ನನ್ನ ಕಿವಿಯಲ್ಲಿ, "ಐದು ಡಾಲರಿಗೆ ಎರಡು ಗಂಟೆ ನಿಲ್ಲೋಳನ್ನ ಇಟ್ಕೊಂಡು ಅವನನ್ನ ಕಳ್ಕೊಳ್ಳಲಾ?" ಎಂದ. ಆಡುತ್ತಿದ್ದವರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಕಾವಲಿನವನು ಅವಳ ಮೊಣಕೈ ಹಿಡಿದ.

ರಾಯ್ಸ್ ಅವಳ ಕಾಲ ಬಳಿ ಒಂದು ಬಿಲ್ಲೆ ಎಸೆದ. "ಬಸ್ಸಿಗಿಟ್ಕೋ. ನನ್ನ ಕಾರಲ್ಲಿ ನಿನಗೆ ಜಾಗವಿಲ್ಲ."

ಅವಳು ಅದನ್ನು ದಾಟಿಕೊಂಡು ಹೋದಳು. "ಬೇಡವಾ? ಹಾಗಾದರೆ ಮೇಜಿನ ಹುಡುಗರಿಗೆ," ಎಂದ ಅವನು. ಯಾರೋ ಎತ್ತಿ ನನ್ನ ಕೈಗಿತ್ತರು. ಇನಾಮು ಬಂದಾಗ ಮಾಡುವ ಹಾಗೆ ಅದನ್ನು ಮೇಜಿಗೆ ಎರಡು ಸಲ ಕುಟ್ಟಿ, "ಥ್ಯಾಂಕ್ಯೂ ಸರ್," ಎಂದೆ. ಅವಳಿನ್ನೂ ಬಾಗಿಲು ದಾಟಿರಲಿಲ್ಲ.

ಅವಳು ಕಿಂಗ್‌ಮನ್ನಿನ ತಂಗಿಯ ಮನೆಗೆ ಹೋದಳೆಂದು ಕೇಳಿದೆ. ರಾಯ್ಸ್ ಒಬ್ಬನೇ ಬರತೊಡಗಿದ. ದೂರಲು ಯಾರೂ ಇಲ್ಲದೆ ಅವನ ಸೋಲು ಅವನ ತಲೆಗೇ ಬಂತು. ಮೊದಲು ದಾಳ ಬದಲಾಯಿಸಿ ಎಂದ, ಆಮೇಲೆ ನಮ್ಮನ್ನು ಬೈದ. ಚಳಿಗಾಲದ ಒಂದು ಬೆಳಿಗ್ಗೆ, ಹನ್ನೊಂದರ ಪಾಠಕ್ಕೆ, ಟೋಪಿ ಕೈಯಲ್ಲಿ ಹಿಡಿದು ಬಂದ.

"ಅವಳಿಗೆ ಏನೋ ಹೇಳ್ಕೊಟ್ಟೆಯಲ್ಲ. ನನಗೂ ಹೇಳ್ಕೊಡೋ."

ಆ ಗಳಿಗೆಗೆಂದೇ ನಾನು ಕಾಯುತ್ತಿದ್ದೆನೇನೋ. ಗೆರೆಯ ಹಿಂದಿನ ಪಣದ ಮಾತೇ ಎತ್ತಲಿಲ್ಲ. ನಡುವಿನ ಚೌಕಗಳನ್ನೇ ತೋರಿಸಿದೆ. ಇವು ಬಹಳ ಹೊತ್ತು ಬೀಳದಿದ್ದರೆ ಬೀಳಲೇಬೇಕು, ಸೋತಾಗಲೆಲ್ಲ ಎರಡರಷ್ಟು ಇಡಬೇಕು, ಧೈರ್ಯ ಇದ್ದವನಿಗಷ್ಟೇ ಇದು ಎಂದೆ. ದಾಳಕ್ಕೆ ನೆನಪಿಲ್ಲ ಎಂಬುದು ಈ ಊರಿನ ಎಳೆಮಗುವಿಗೂ ಗೊತ್ತು. ಅವನು ಒಂದು ಕಾಗದದ ಮೇಲೆ ಬರೆದುಕೊಂಡ. "ನೀನೊಬ್ಬನೇ ಕಣೋ ನನ್ನ ಕಡೆಯವನು," ಎಂದ.

ಎರಡು ವರ್ಷ. ಮೊದಲು ರೋಡ್ ರೋಲರುಗಳು ಹೋದವು, ಆಮೇಲೆ ಲಾರಿಗಳು, ಆಮೇಲೆ ಅವನ್ನು ನಿಲ್ಲಿಸುತ್ತಿದ್ದ ಅಂಗಳ. ಹೋಟೆಲ್ ಕೋಣೆ ಬಿಟ್ಟು ಕಾರಿನಲ್ಲಿ ಮಲಗತೊಡಗಿದ. ಅವನು ಸೋತಾಗಲೆಲ್ಲ ನಾನು, "ಇನ್ನೊಂದೇ ಸಲ, ಸಾಹೇಬ್ರೇ," ಎನ್ನುತ್ತಿದ್ದೆ. ಸುಳ್ಳೇಕೆ, ಆ ಮಾತು ನಾಲಿಗೆಗೆ ಸಿಹಿಯಾಗಿತ್ತು. ಐಡೆಲ್ಲಾಳ ಋಣ ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಪೆಟ್ರಾಕಿಸ್ ನನ್ನ ಬೆನ್ನು ತಟ್ಟಿ ಬಡ್ತಿ ಕೊಟ್ಟ. ಕೋಲು ಬಿಟ್ಟು ಮೇಜಿನ ನಡುಭಾಗದಲ್ಲಿ ಕುರ್ಚಿ ಹಾಕಿಕೊಂಡು ಬಿಲ್ಲೆಗಳ ಲೆಕ್ಕ ನೋಡುವವನಾದೆ. ರಾಯ್ಸ್ ಬರುವುದು ನಿಂತಿತು.

ಎಂಬತ್ತಾರರ ಫೆಬ್ರವರಿಯಲ್ಲಿ ಬಸ್ ನಿಲ್ದಾಣದಿಂದ ಫೋನು ಬಂತು. ಐಡೆಲ್ಲಾ. ಬಿಡುವು ಸಿಕ್ಕ ಕೂಡಲೇ ಓಡಿದೆ. ನಿಲ್ದಾಣದ ಕಾಫಿ ಕಟ್ಟೆಯಲ್ಲಿ ಕೂತಿದ್ದಳು. ತೆಳ್ಳಗಾಗಿದ್ದಳು. ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಗಾಗಿತ್ತು.

"ಪಾತ್ರೆ ತೊಳೀತೀನಿ. ಹೆದ್ದಾರಿ ಹೋಟೆಲಲ್ಲಿ," ಎಂದಳು, ನಾನು ಕೈ ನೋಡಿದ್ದನ್ನು ಕಂಡು. "ರಾಯ್ಸ್ ಇಲ್ಲಿ ಆಡ್ತಿದ್ದನಂತಲ್ಲ. ಹೇಗೆ ಆಡ್ತಿದ್ದ?"

ನನಗೆ ಎದೆಯುಬ್ಬಿತು. ಎಲ್ಲ ಹೇಳಿದೆ: ಟೋಪಿ ಹಿಡಿದು ಬಂದದ್ದು, ನಾನು ಕಲಿಸಿದ್ದು, ಅವನು ಬರೆದುಕೊಂಡದ್ದು, ಒಂದೊಂದಾಗಿ ಕಳೆದದ್ದು. "ನಿಮಗೆ ಮಾಡಿದ್ದಕ್ಕೆ ಸರಿಯಾಗಿ ಅನುಭವಿಸಿದ, ಅಮ್ಮಾ," ಎಂದೆ.

ಅವಳು ಕಾಫಿ ಕೆಳಗಿಟ್ಟಳು.

"ಹೋದ ತಿಂಗಳು ಕೋರ್ಟು ತೀರ್ಪು ಕೊಟ್ಟಿತು. ವಿಚ್ಛೇದನಕ್ಕೆ ಹಾಕಿ ಎರಡು ವರ್ಷವಾಗಿತ್ತು. ಅವನದೆಲ್ಲದರಲ್ಲೂ ಅರ್ಧ ನನಗೆ ಅಂತ." ನನ್ನನ್ನೇ ನೋಡಿದಳು. "ಯಾವುದರಲ್ಲಿ ಅರ್ಧ, ಆರ್ವೆಲ್?"

ರೋಲರು, ಲಾರಿ, ಅಂಗಳ: ಎಲ್ಲವನ್ನೂ ನಾನೇ ಈಗಷ್ಟೇ ಎಣಿಸಿ ಹೇಳಿದ್ದೆ.

"ಮೊದಲ ರೋಲರು ನನ್ನಮ್ಮನ ಮನೆ ಮಾರಿ ತಂದದ್ದು. ನಲವತ್ತು ವರ್ಷ ಅವನ ಬಾಯಿ ಸಹಿಸಿದ್ದು. ಎಲ್ಲ ನೀನು ಎಳ್ಕೊಂಡೆ."

"ನಿಮಗೋಸ್ಕರವೇ..."

"ನನ್ನ ಕೇಳಿದೆಯಾ?"

ಕೇಳಿರಲಿಲ್ಲ. ಅವಳ ವಿಳಾಸ ಕೂಡ ಹುಡುಕಿರಲಿಲ್ಲ.

"ರಾಯ್ಸ್ ಬೈದರೂ ನನ್ನೆದುರಿಗೇ ಬೈತಿದ್ದ," ಎಂದಳು. "ನಿನ್ನಂಥವರು ಒಳ್ಳೇದು ಮಾಡ್ತೀನಿ ಅಂತ ಹೊರಟರೆ ಬಾಗಿಲು ಹಾಕ್ಕೋಬೇಕು."

ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ತೆಗೆದು ಅವಳ ಮುಂದಿಟ್ಟೆ. ಅವಳು ಎಣಿಸಲೂ ಇಲ್ಲ, ದೂಡಲೂ ಇಲ್ಲ. ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಹುಶಃ ಬಾಡಿಗೆ ಬಾಕಿಯಿತ್ತು. ಬೇಡ ಎಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು; ಅಷ್ಟನ್ನೂ ಅವಳು ಕೊಡಲಿಲ್ಲ.

ಕಿಂಗ್‌ಮನ್ ಬಸ್ಸನ್ನು ಕೂಗಿದರು. ಅವಳು ಮೆಟ್ಟಿಲು ಹತ್ತಿ ಆಚೆ ಬದಿಯ ಕಿಟಕಿಗೆ ಕೂತಳು, ಈ ಕಡೆ ಮುಖ ಮಾಡಲಿಲ್ಲ. ಬಸ್ಸು ಹೊರಟ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು, ಅವಳು ಅರ್ಧ ಬಿಟ್ಟ ಕಾಫಿಯ ದುಡ್ಡು ಕೊಡಲು ಹೋದೆ. ಕಟ್ಟೆಯವಳು, ಆಯಮ್ಮ ಬಂದಾಗಲೇ ಕೊಟ್ಟಾಯ್ತು ಎಂದಳು.