ಎಂಬತ್ತೇಳರ ಜಾಗ

“ಹೋಗ್ಲೋ, ಬೇಡ್ವೋ? ಬಾಯಿ ಒರೆಸ್ಕೊಳ್ಳೋ ಮುಂಚೆ ಹೇಳ್ಬಿಡು,” ಎಂದು ಗ್ಯಾಲರಿಯಲ್ಲಿ ಪಕ್ಕಕ್ಕೆ ಕೂತಿದ್ದ ಗ್ಲೆನ್ ತನ್ನ ಹಾಟ್‌ಡಾಗನ್ನು ಮೈಕಿನಂತೆ ವೆಂಡೆಲ್‌ನ ಮೂತಿಗೆ ಹಿಡಿದ.

“ಹೋಗು. ಕರೆದಿರೋದು ನಿನ್ನನ್ನ.”

“ನಿಂಗೆ ಬೇಜಾರಿಲ್ವಾ?”

“ಇಲ್ಲ.”

ಸುಳ್ಳೇನಲ್ಲ. ದಂತವೈದ್ಯರು ಮದ್ದು ಚುಚ್ಚಿದ ಮೇಲೆ ಒಸಡು ಇರುತ್ತದಲ್ಲ, ಹಾಗಿತ್ತು ಅವನಿಗೆ. ಹಲ್ಲು ಇದೆಯೆಂದು ಗೊತ್ತು, ನೋವು ಮಾತ್ರ ಬೇರೆ ಯಾರದೋ. ಆದರೂ ಬೆಳಿಗ್ಗೆ ಹೊರಡುವಾಗ ಎರಡು ಸಲ ಬೂಟಿಗೆ ಪಾಲಿಶ್ ಹಚ್ಚಿದ್ದ.

ಕಾನ್ಫರೆನ್ಸಿನ, ಅಂದರೆ ಆ ಭಾಗದ ಕಾಲೇಜುಗಳ ಒಕ್ಕೂಟದ, ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಐವತ್ತು ವರ್ಷ ತುಂಬಿತ್ತು. ಈ ಸಲದ ಫೈನಲ್ಲಿನ ವಿರಾಮದಲ್ಲಿ ಪ್ರತಿ ವರ್ಷದ ಗೆದ್ದ ನಾಯಕನನ್ನೂ ಸೋತ ನಾಯಕನನ್ನೂ ಜೋಡಿಯಾಗಿ ಅಂಕಣಕ್ಕೆ ಕರೆದು ಫೋಟೋ ತೆಗೆಯುವುದೆಂದು ನಿಶ್ಚಯವಾಗಿತ್ತು. ಎಂಬತ್ತೇಳರಲ್ಲಿ ವೆಂಡೆಲ್‌ನ ಮಾರ್ಲೋ ಸ್ಟೇಟ್, ಗ್ಲೆನ್‌ನ ಟಿಲ್ಲರಿ ಕಾಲೇಜನ್ನು ಒಂದೇ ಒಂದು ಅಂಕದಿಂದ ಸೋಲಿಸಿತ್ತು. ಗೆದ್ದವರ ವಾಡಿಕೆಯಂತೆ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿ ಕೊರಳಿಗೆ ಹಾಕಿಕೊಂಡವನು ವೆಂಡೆಲ್. ಆಮೇಲೆ ಮಾರ್ಲೋದ ಒಬ್ಬ ಹುಡುಗನ ಪರೀಕ್ಷೆಯ ಅಂಕವನ್ನು ಯಾರೋ ತಿದ್ದಿದ್ದರೆಂಬುದು ಬಯಲಾಯಿತು. ಆ ಫೈನಲ್ಲಿನಲ್ಲಿ ಅವನು ಬೆಂಚು ಬಿಟ್ಟು ಎದ್ದದ್ದೇ ಒಂದೆರಡು ನಿಮಿಷ. ಆದರೂ ಅನರ್ಹನನ್ನು ಆಡಿಸಿದರೆಂದು ಕಾನ್ಫರೆನ್ಸಿನವರು ಪ್ರಶಸ್ತಿ ಕಿತ್ತುಕೊಂಡರು. ಕಿತ್ತದ್ದನ್ನು ಟಿಲ್ಲರಿಗಾದರೂ ಕೊಟ್ಟರೇ? ಅದೂ ಇಲ್ಲ. ದಾಖಲೆಯಲ್ಲಿ ಗೆದ್ದವರ ಹೆಸರಿದ್ದಲ್ಲಿ ಒಂದು ಗೆರೆ ಎಳೆದರು. ಸೋತವರ ಹೆಸರನ್ನು ಇದ್ದಲ್ಲೇ ಬಿಟ್ಟರು.

“ಯಾರಿಗೂ ಸೋಲದೆ ಸೋತವನು ಭೂಮಿ ಮೇಲೆ ನಾನೊಬ್ನೇ ಕಣಯ್ಯ,” ಎಂದು ಗ್ಲೆನ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಮುಂದೆ ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾಗಿ ಷಡ್ಡಕರಾದರು. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳು ಆಟಗಾರರಾಗಿ ಅದೇ ಆಟವನ್ನು ಮತ್ತೆ ಆಡುತ್ತಿದ್ದವು.

ಗ್ಲೆನ್ ಮೂಗು ಹಿಡಿದುಕೊಂಡು, ತೀರಿಹೋದ ಮಾರ್ಲೋ ಕೋಚ್ ಬರ್ಡೆಟ್‌ನ ದನಿ ತೆಗೆದ: “ವೆಂಡೆಲ್! ಬೂಟಿಗೆ ಅಂಟು ಬಳ್ಕೊಂಡು ನಿಂತಿದೀಯೇನೋ? ಅಲ್ಲಾಡೋ, ಕಂಬ!”

ಮುಂದಿನ ಸಾಲಿನ ಮುದುಕನೊಬ್ಬ ಬೆಚ್ಚಿ ತಿರುಗಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ವೆಂಡೆಲ್ ಪಾಪ್‌ಕಾರ್ನ್ ಜಗಿಯುತ್ತಿದ್ದ.

ಕಾನ್ಫರೆನ್ಸ್ ಕಚೇರಿಯ ಹುಡುಗಿ ಟೆಸ್ಸಾ ಮೆಟ್ಟಿಲು ಹತ್ತಿ ಬಂದಳು. “ಗ್ಲೆನ್ ಸರ್, ಕೆಳಗೆ ಬರ್ತೀರಾ? ಎಂಬತ್ತೇಳಕ್ಕೆ ನೀವೊಬ್ರೇ.”

“ನನ್ನ ಜೋಡಿ ಇಲ್ಲೇ ಕೂತಿದಾನಲ್ಲಮ್ಮ.”

ಅವಳು ವೆಂಡೆಲ್‌ನನ್ನು ನೋಡಿದಳು. ನಗು ಹಾಗೇ ಇತ್ತು. “ಆ ವರ್ಷ ಗೆದ್ದೋರು ಯಾರೂ ಇಲ್ಲ, ಸರ್.”

“ಕೇಳಿಸ್ತೇನಯ್ಯ? ನೀನು ಇಲ್ವಂತೆ. ಹಾಗಾದ್ರೆ ಪಾಪ್‌ಕಾರ್ನ್ ನಂದು.” ಗ್ಲೆನ್ ಕೈ ಚಾಚಿದ. ವೆಂಡೆಲ್ ಡಬ್ಬಿಯನ್ನು ಕೊಟ್ಟೇಬಿಟ್ಟ. ಗ್ಲೆನ್‌ನ ನಗು ಅರ್ಧಕ್ಕೆ ನಿಂತಿತು. ಡಬ್ಬಿಯನ್ನು ವಾಪಸು ಅವನ ಕೈಗಿಟ್ಟು, ಕೋಟು ಬಿಚ್ಚಿ ಅವನ ತೊಡೆಯ ಮೇಲೆ ಹಾಕಿ, ಹದಿಹರೆಯದವನಂತೆ ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ವಿರಾಮಕ್ಕೆ ದೀಪ ಮಂದವಾಯಿತು. ಒಂದೊಂದೇ ವರ್ಷ ಕೂಗಿದರು. ಜೋಡಿಗಳು ಬಂದು ಸಾಲಾಗಿ ನಿಂತವು. ಎಂಬತ್ತೈದು. ಎಂಬತ್ತಾರು. ವೆಂಡೆಲ್‌ನ ಕೈ ಡಬ್ಬಿಯೊಳಗೇ ನಿಂತಿತು.

“ಎಂಬತ್ತೇಳು. ಟಿಲ್ಲರಿ ಕಾಲೇಜಿನ ಗ್ಲೆನ್ ಹೋಬರ್ಟ್! ಎಂಬತ್ತೆಂಟು…”

ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿರಲಿಲ್ಲ. ವೆಂಡೆಲ್ ಒಂದು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡ.

ಕೆಳಗೆ ಗ್ಲೆನ್ ತನ್ನ ಎಡಕ್ಕೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದ. ಫೋಟೋದವನು ಕೈ ಆಡಿಸಿ ಒತ್ತಾಗಿ ನಿಲ್ಲಲು ಹೇಳಿದ. ಸಾಲು ಅಲ್ಲಾಡಿತು, ಗ್ಲೆನ್ ಅಲ್ಲಾಡಲಿಲ್ಲ. ಟೆಸ್ಸಾ ಓಡಿಬಂದು ಏನೋ ಹೇಳಿದಳು. ಗ್ಲೆನ್ ಬಗ್ಗಿ ಮಂಡಿ ಹಿಡಿದುಕೊಂಡ, ಮುಖ ಕಿವುಚಿದ, ಒಂದು ಹೆಜ್ಜೆಯೂ ಆಗದೆಂದು ತಲೆಯಾಡಿಸಿದ. ಆ ಮುಖ ವೆಂಡೆಲ್‌ಗೆ ಗೊತ್ತಿತ್ತು. ಕಾಲೇಜಿನ ದಿನಗಳಲ್ಲಿ ಯಾರೂ ತಾಗದೆಯೇ ದೊಪ್ಪನೆ ಬಿದ್ದು ಇದೇ ಮುಖ ಮಾಡುತ್ತಿದ್ದ. ಅದನ್ನು ನಂಬಿದ ರೆಫರಿಗಳು ವೆಂಡೆಲ್‌ನ ಮೇಲೆ ಎಷ್ಟೋ ಸಲ ಫೌಲ್ ಕೂಗಿದ್ದರು.

ಟೆಸ್ಸಾ ಪಕ್ಕದ ಎಂಬತ್ತಾರರವರನ್ನು ಸರಿಯಲು ಕೇಳಿದಳು. ಅವರು ಗ್ಲೆನ್‌ನನ್ನೂ ಆ ಜಾಗವನ್ನೂ ನೋಡಿ, ಬೂಟು ನೋಡುತ್ತಾ ನಿಂತರು. ಅಷ್ಟರಲ್ಲಿ ಆಟ ಮತ್ತೆ ಶುರುವಾಗಲಿದೆಯೆಂಬ ಮೊದಲ ಸೈರನ್ ಮೊಳಗಿತು. ಫೋಟೋದವನು ಇದ್ದ ಹಾಗೇ ತೆಗೆದುಕೊಂಡ.

ಮೇಲಿನ ದೊಡ್ಡ ಪರದೆಯಲ್ಲಿ ಫೋಟೋ ಬಂತು: ಉದ್ದದ ಸಾಲು, ನಡುವೆ ಒಂದು ಕಡೆ ಹೊಳೆಯುವ ಮರದ ನೆಲ. ಚಪ್ಪಾಳೆ ಬಿತ್ತು. ಪರದೆಯ ಮೇಲೆ ಸೋಡಾದ ಜಾಹೀರಾತು ಬಂತು.

“ಇಲ್ಲಿ ಯಾರಾದ್ರೂ ಇದಾರಾ?” ಎರಡೂ ಕೈಯಲ್ಲಿ ತಿಂಡಿ ಹಿಡಿದಿದ್ದ ಹೆಂಗಸೊಬ್ಬಳು ಗ್ಲೆನ್‌ನ ಕುರ್ಚಿ ತೋರಿಸಿ ಕೇಳಿದಳು.

ವೆಂಡೆಲ್ ತೊಡೆಯ ಮೇಲಿನ ಕೋಟನ್ನು ಎತ್ತಿ ಆ ಕುರ್ಚಿಗೆ ಹೊದಿಸಿದ, ಅದರ ಭುಜ ಸರಿಮಾಡಿದ, ತೋಳುಗಳೆರಡನ್ನೂ ಒಂದೊಂದಾಗಿ ಕುರ್ಚಿಯ ಕೈಗಳ ಮೇಲೆ ಇಟ್ಟ.